ಕೆಂಪು ದೀಪ ಹತ್ತದ ಟಿವಿ

ಈಗಿನ ಎಲ್‌ಇಡಿ ಟಿವಿಯ ಬೆನ್ನಿನ ಮುಚ್ಚಳ ತೆಗೆದರೆ ಒಳಗೆ ಅಂಥ ಸಾಮಾನೇನೂ ಕಾಣುವುದಿಲ್ಲ. ಒಂದು ಕಡೆ ಕರೆಂಟಿನ ವೈರು ಬಂದು ಸೇರುವ ಪವರ್ ಬೋರ್ಡು, ಇನ್ನೊಂದು ಕಡೆ ಕೇಬಲ್ಲು, ಎಚ್‌ಡಿಎಂಐ, ಪೆನ್‌ಡ್ರೈವುಗಳನ್ನೆಲ್ಲ ಚುಚ್ಚುವ ಮೇನ್ ಬೋರ್ಡು, ಪರದೆಯ ಅಂಚಿನಲ್ಲಿ ಅದಕ್ಕೆ ಚಿತ್ರ ಹಂಚುವ ಚಿಕ್ಕದೊಂದು ಟಿ-ಕಾನ್ ಬೋರ್ಡು, ಎರಡು ಸ್ಪೀಕರು. ಉಳಿದದ್ದೆಲ್ಲ ಬರೀ ತಗಡು. ಅಗ್ಗದ 32 ಇಂಚಿನ ಸೆಟ್ಟುಗಳಲ್ಲಿ ಈ ಮೂರನ್ನೂ ಒಂದೇ ಬೋರ್ಡಿನಲ್ಲಿ ಅಡಗಿಸಿರುವುದೂ ಉಂಟು. ಅಷ್ಟು ದುಡ್ಡು ಕೊಟ್ಟು ತಂದದ್ದರೊಳಗೆ ಇರುವುದು ಇಷ್ಟೇನಾ ಎಂದು ಮೊದಲ ಸಲ ನೋಡಿದವರಿಗೆ ಅನ್ನಿಸದೆ ಇರದು. ಚಿತ್ರವಿಲ್ಲ, ಸದ್ದಿಲ್ಲ, ಮೂಲೆಯ ಕೆಂಪು ದೀಪವೂ ಇಲ್ಲ ಎಂಬ ಸ್ಥಿತಿಗೆ ರಿಪೇರಿಯವರು ‘ಡೆಡ್ ಸೆಟ್’ ಎನ್ನುತ್ತಾರೆ. ಹಾಗೆ ಅಂದವರ ಕೈ ಮೊದಲು ಹೋಗುವುದು ಪವರ್ ಬೋರ್ಡಿನ ಕಡೆಗೆ. ಬೀದಿಯ ಕಂಬದಿಂದ ಬರುವ ಕರೆಂಟಿಗೆ ನೇರವಾಗಿ ಎದೆಯೊಡ್ಡುವುದು ಅದೊಂದೇ.

ಗೋಡೆಯ ಸಾಕೆಟ್ಟಿನಲ್ಲಿ ಇರುವುದು 230 ವೋಲ್ಟಿನ, 50 ಹರ್ಟ್ಸಿನ ಎ.ಸಿ. ಟಿವಿಯೊಳಗಿನ ಚಿಪ್ಪುಗಳು ಕೇಳುವುದು 5 ವೋಲ್ಟು, 12 ವೋಲ್ಟು, ಅದೂ ಅಲುಗಾಡದ ಡಿ.ಸಿ. ಪರದೆಯ ಹಿಂದಿನ ದೀಪಗಳದು ಬೇರೆಯೇ ಲೆಕ್ಕ. ನಾಲ್ಕು ಡಯೋಡುಗಳ ಬ್ರಿಜ್ಜು ಮೊದಲು ಎ.ಸಿ.ಯನ್ನು ಡಿ.ಸಿ. ಮಾಡುತ್ತದೆ. 230 ವೋಲ್ಟಿನ ಅಲೆಯ ತುದಿ ಸುಮಾರು 325 ವೋಲ್ಟು. ಬೋರ್ಡಿನ ಮೇಲೆ ಎದ್ದು ಕಾಣುವ ದೊಡ್ಡ ಕೆಪಾಸಿಟರಿನಲ್ಲಿ ಶೇಖರವಾಗುವುದು ಅಷ್ಟು. ಮಾಸ್‌ಫೆಟ್ ಎಂಬ ವೇಗದ ಸ್ವಿಚ್ಚೊಂದು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡುತ್ತದೆ. ಕತ್ತರಿಸುವ ವೇಗ ಹೆಚ್ಚಿದಷ್ಟೂ ಟ್ರಾನ್ಸ್‌ಫಾರ್ಮರು ಚಿಕ್ಕದಾದರೆ ಸಾಕು. ಟಿವಿ ಗೋಡೆಗೆ ನೇತುಹಾಕುವಷ್ಟು ಹಗುರವಾದದ್ದರಲ್ಲಿ ಈ ಲೆಕ್ಕಾಚಾರದ ಪಾಲೂ ಇದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ಮತ್ತೆ ಡಯೋಡು, ಮತ್ತೆ ಕೆಪಾಸಿಟರು. ಬಿಟ್ಟು ಬಿಟ್ಟು ಬರುವ ಕಾರ್ಪೊರೇಷನ್ ನೀರನ್ನು ಹಿಡಿದಿಟ್ಟು ಮನೆಗೆ ಒಂದೇ ಸಮ ಒದಗಿಸುವ ಸಂಪಿನ ಕೆಲಸ ಈ ಕೆಪಾಸಿಟರುಗಳದು. ಒಟ್ಟು ಏರ್ಪಾಡಿಗೆ ಎಸ್‌ಎಂಪಿಎಸ್ ಎಂದು ಹೆಸರು. ಕಂಪ್ಯೂಟರಿನಿಂದ ಹಿಡಿದು ಮೊಬೈಲ್ ಚಾರ್ಜರಿನವರೆಗೆ ಎಲ್ಲದರಲ್ಲೂ ಇರುವುದು ಇದೇ.

ಇದು ಬರುವುದಕ್ಕೆ ಮುಂಚೆ, ಬಂದ ಮೇಲೂ ಬಹಳ ವರ್ಷ, ಟಿವಿಗೂ ಸಾಕೆಟ್ಟಿಗೂ ನಡುವೆ ಸ್ಟೆಬಿಲೈಸರ್ ಎಂಬ ಪೆಟ್ಟಿಗೆಯೊಂದು ಕೂತಿರುತ್ತಿತ್ತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಮರುವರ್ಷ ದೇಶದ ಟಿವಿಗೆ ಬಣ್ಣ ಬಂತು. ಆ ದಶಕದಲ್ಲಿ ಡಯನೋರಾವನ್ನೋ ಸಾಲಿಡೇರನ್ನೋ ತಂದ ಮನೆಗಳಲ್ಲಿ ಟಿವಿಗೆ ಕಸೂತಿಯ ಮುಸುಕು, ಪಕ್ಕದಲ್ಲಿ ಗುಂಯ್‌ಗುಡುವ ಸ್ಟೆಬಿಲೈಸರು. ಅದರ ಮುಖದ ಮೇಲೊಂದು ಮುಳ್ಳಿನ ಮೀಟರು. ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಮುಳ್ಳು ಬೀಳುತ್ತಿತ್ತು. ಒಳಗಿನ ರಿಲೇ ಟಕ್ಕೆಂದು ಇನ್ನೊಂದು ಟ್ಯಾಪಿಗೆ ಹಾರುತ್ತಿತ್ತು. ಮುಳ್ಳು ಮೇಲೆದ್ದರೆ ಮತ್ತೆ ಟಕ್ಕು. 1987ರ ಭಾನುವಾರದ ಬೆಳಗುಗಳಲ್ಲಿ ರಾಮಾಯಣಕ್ಕೆಂದು ನೆರೆಹೊರೆಯೆಲ್ಲ ಬಂದು ಹಜಾರದಲ್ಲಿ ಕೂತಾಗ ರಾಮನ ಮೇಲೆ ಕಣ್ಣಿಡದೆ ಮುಳ್ಳಿನ ಮೇಲೆ ಕಣ್ಣಿಟ್ಟವರು ಒಬ್ಬರಿರುತ್ತಿದ್ದರು. ಅವರು ಆ ಮನೆಯ ಯಜಮಾನರು. ಸಮುದ್ರೋಲ್ಲಂಘನವೆಲ್ಲ ಅವರ ಪಾಲಿಗೆ 180ರಿಂದ 220ರವರೆಗೆ ನಡೆದುಹೋಯಿತು.

ಆ ಕಾಲದ ಟಿವಿಗಳಿಗೆ ಇನ್ನೊಂದು ಚಿಕಿತ್ಸೆಯೂ ಇತ್ತು. ಚಿತ್ರ ಕುಣಿದರೆ, ಮಾಯವಾದರೆ, ಸೆಟ್ಟಿನ ತಲೆಗೆ ಅಂಗೈಯಿಂದ ಒಂದು ಏಟು. ಎಲ್ಲಿ, ಎಷ್ಟು ಜೋರಾಗಿ ಹೊಡೆಯಬೇಕೆಂಬ ಹದ ಬಲ್ಲವರು ಮನೆಗೊಬ್ಬರಿದ್ದರು; ಅವರು ಊರಿಗೆ ಹೋದರೆ ಟಿವಿಯೂ ರಜೆ ಹಾಕುತ್ತಿತ್ತು. ಇದು ಮೂಢನಂಬಿಕೆಯಂತೂ ಅಲ್ಲ. ಭಾರವಾದ ಟ್ರಾನ್ಸ್‌ಫಾರ್ಮರಿನ ಕಾಲುಗಳ ಸುತ್ತ ಬೆಸುಗೆ ವರ್ಷಾನುಗಟ್ಟಲೆ ಬಿಸಿಯಾಗಿ ತಣ್ಣಗಾಗಿ ಕೂದಲೆಳೆಯಷ್ಟು ಬಿರಿಯುತ್ತದೆ. ರಿಪೇರಿಯವರ ಮಾತಿನಲ್ಲಿ ಅದು ಡ್ರೈ ಸೋಲ್ಡರು. ಏಟಿಗೆ ಆ ಬಿರುಕು ಒಂದಿಷ್ಟು ಹೊತ್ತು ಕೂಡಿಕೊಳ್ಳುತ್ತಿತ್ತು. ಬಣ್ಣದ ಪಿಕ್ಚರ್ ಟ್ಯೂಬಿನ ಸೆಟ್ಟು ಹಾಕಿದ ಕೂಡಲೇ ‘ಧುಂ’ ಎನ್ನುತ್ತಿದ್ದುದಕ್ಕೂ ಕಾರಣವಿದೆ: ಟ್ಯೂಬಿಗೆ ಅಂಟಿದ ಕಾಂತತ್ವವನ್ನು ಕಳೆಯುವ ಸುರುಳಿಗೆ ಆ ಕ್ಷಣ ಜೋರು ಕರೆಂಟು ಹರಿದು, ಪಿಟಿಸಿ ಎಂಬ ಬಿಲ್ಲೆ ಬಿಸಿಯಾಗಿ ಅದನ್ನು ತಡೆಯುತ್ತಿತ್ತು. ಆ ಬಿಲ್ಲೆ ಒಡೆದರೆ ಧುಮ್ಮಿನ ಬದಲು ಫ್ಯೂಸೇ ಹೋಗುತ್ತಿತ್ತು. ಈಗಿನ ಚಪ್ಪಟೆ ಟಿವಿಗೆ ಹೊಡೆಯಲು ತಲೆಯೇ ಇಲ್ಲ, ಹೊಡೆದರೆ ಪ್ಯಾನೆಲ್ಲು ಸೀಳುತ್ತದೆ. ಹದ ಬಲ್ಲವರ ವಿದ್ಯೆ ಅವರೊಂದಿಗೇ ಹೋಯಿತು.

ಟಿವಿ ಹತ್ತದಿದ್ದಾಗ ಮುಚ್ಚಳಕ್ಕೆ ಕೈ ಹಾಕುವ ಮುಂಚೆ ಹೊರಗೆ ನೋಡಬೇಕಾದ್ದು ಒಂದಿಷ್ಟಿದೆ, ಮತ್ತು ಇದು ಎಲ್ಲರಿಗೂ ಅವಮಾನವೆನಿಸುವ ಘಟ್ಟ. “ಸ್ವಿಚ್ ಹಾಕಿದೀರಾ?” ಎಂದು ಫೋನಿನಲ್ಲಿ ಮೆಕ್ಯಾನಿಕ್ ಕೇಳಿದರೆ ಮನೆಯ ಗಂಡಸರಿಗೆ ಕೆಂಡದಂಥ ಕೋಪ ಬರುತ್ತದೆ, ಎಷ್ಟೋ ಸಲ ಸ್ವಿಚ್ಚು ಹಾಕಿರುವುದಿಲ್ಲ ಎಂಬುದು ಬೇರೆ ಮಾತು. ಅದೇ ಸಾಕೆಟ್ಟಿಗೆ ಮೊಬೈಲ್ ಚಾರ್ಜರು ಚುಚ್ಚಿ ನೋಡುವುದು, ಎಕ್ಸ್‌ಟೆನ್ಷನ್ ಬಾಕ್ಸು ಬಿಟ್ಟು ನೇರ ಗೋಡೆಗೆ ಹಾಕುವುದು, ವೈರು ಟಿವಿಗೆ ಸೇರುವ ಕಡೆ ಸಡಿಲವಾಗಿದೆಯೇ ನೋಡುವುದು, ಇವಕ್ಕೆ ಟೆಸ್ಟರೂ ಬೇಡ. ಹಳೆಯ ಸ್ವಿಚ್‌ಬೋರ್ಡುಗಳಲ್ಲಿ ಇರುವೆಗಳು ಬೆಚ್ಚನೆಯ ಜಾಗವೆಂದು ಮನೆ ಮಾಡುತ್ತವೆ. ಮಳೆಗಾಲದಲ್ಲಿ ಸಾಕೆಟ್ಟಿನ ಹಿತ್ತಾಳೆ ಕಪ್ಪಾಗಿ ಪ್ಲಗ್ಗನ್ನು ಹಿಡಿಯುವುದನ್ನೇ ಬಿಡುತ್ತದೆ. ಇದೆಲ್ಲ ನಡೆಯುವಾಗ ಮನೆಯವರೆಲ್ಲ ಒಂದೊಂದು ಕಾರಣ ಹೇಳುತ್ತಿರುತ್ತಾರೆ. ಮಗ ರಿಮೋಟಿನ ಸೆಲ್ಲು ಎನ್ನುತ್ತಾನೆ, ಸೊಸೆ ರೀಚಾರ್ಜ್ ಮುಗಿದಿರಬೇಕು ಎನ್ನುತ್ತಾಳೆ, ಅತ್ತೆಗೆ ಮಾತ್ರ ಇದು ಧಾರಾವಾಹಿಯ ಹೊತ್ತಿಗೇ ಯಾಕೆ ಆಗಬೇಕಿತ್ತು ಎಂಬುದೊಂದೇ ಪ್ರಶ್ನೆ.

ಸೊಸೆಯ ಮಾತನ್ನೂ ತಳ್ಳಿಹಾಕುವಂತಿಲ್ಲ. ರೀಚಾರ್ಜ್ ಅಲ್ಲದಿದ್ದರೂ ತಪ್ಪು ಸೆಟ್‌ಟಾಪ್ ಬಾಕ್ಸಿನದೇ ಇರಬಹುದು. ಅದಕ್ಕೆ ತನ್ನದೇ ಅಡಾಪ್ಟರಿದೆ. ಆ ಅಡಾಪ್ಟರು ಹೋದರೆ ಪರದೆಯ ಮೇಲೆ ‘ಸಿಗ್ನಲ್ ಇಲ್ಲ’ ಎಂದು ಬರುತ್ತದೆ, ಜನ ಟಿವಿ ಕೆಟ್ಟಿತು ಎನ್ನುತ್ತಾರೆ. ಪರದೆಯ ಮೇಲೆ ಹಾಗೊಂದು ಸಾಲು ಕಾಣುತ್ತಿದ್ದರೆ ಟಿವಿಯ ಪವರ್ ಬೋರ್ಡು ನೆಟ್ಟಗಿದೆ ಎಂದೇ ಅರ್ಥ.

ಮೂಲೆಯ ಕೆಂಪು ದೀಪವೇ ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಾತಾಡುವುದು. ದೀಪವೇ ಇಲ್ಲವೆಂದರೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಹುಟ್ಟುತ್ತಿಲ್ಲ. ತಪ್ಪು ಹೆಚ್ಚಾಗಿ ಪವರ್ ಬೋರ್ಡಿನ ಮೊದಲ ಅರ್ಧದಲ್ಲಿದೆ. ದೀಪವಿದೆ, ರಿಮೋಟು ಒತ್ತಿದರೆ ಬಣ್ಣ ಬದಲಿಸುವುದಿಲ್ಲ ಅಥವಾ ಒಮ್ಮೆ ಮಿಟುಕಿ ಮತ್ತೆ ಕೆಂಪಾಗುತ್ತದೆ ಎಂದರೆ ಮೇನ್ ಬೋರ್ಡು ಎಬ್ಬಿಸುತ್ತಿಲ್ಲ, ಇಲ್ಲವೇ ಎದ್ದ ಕೂಡಲೇ 12 ವೋಲ್ಟು ಕುಸಿಯುತ್ತಿದೆ. ಬೆನ್ನಿನಿಂದ ಟಿಕ್, ಟಿಕ್, ಟಿಕ್ ಎಂದು ಸದ್ದು ಬರುತ್ತಿದ್ದರೆ ಎಲ್ಲೋ ಶಾರ್ಟಾಗಿದೆ. ಬೋರ್ಡು ಏಳುತ್ತದೆ, ಹೊರೆ ತಾಳದೆ ಮಲಗುತ್ತದೆ, ಮತ್ತೆ ಏಳುತ್ತದೆ. ದೀಪ ಹಸಿರಾಯಿತು, ಸದ್ದೂ ಬಂತು, ಚಿತ್ರ ಮಾತ್ರ ಇಲ್ಲ ಎಂದರೆ ಅದರ ಕಥೆಯೇ ಬೇರೆ, ಮುಂದೆ ಬರುತ್ತದೆ.

ಮುಚ್ಚಳ ಬಿಚ್ಚುವವರು ಮಂಚದ ಮೇಲೆ ದಪ್ಪ ಕಂಬಳಿ ಹಾಸಿ ಪರದೆಯನ್ನು ಕೆಳಮುಖವಾಗಿ ಮಲಗಿಸುತ್ತಾರೆ. ಕಂಬಳಿಯ ಕೆಳಗೆ ಕನ್ನಡಕವೋ ರಿಮೋಟೋ ಉಳಿದಿಲ್ಲವೆಂದು ಮೊದಲು ಸವರಿ ನೋಡುವುದು ಕ್ಷೇಮ. ಪವರ್ ಬೋರ್ಡು ಸರಿಹೋಗಿ ಪ್ಯಾನೆಲ್ಲು ಒಡೆದರೆ ಸೆಟ್ಟಿನ ಬೆಲೆಯ ಬಹುಪಾಲು ಹೋದಂತೆ. ಪ್ಲಗ್ಗು ಕಿತ್ತಿದ್ದರೆ ಸಾಕೆಂದು ತಿಳಿದು ಬೋರ್ಡಿಗೆ ಬೆರಳಿಡಬಾರದು. ದೊಡ್ಡ ಕೆಪಾಸಿಟರಿನಲ್ಲಿ ಹಿಡಿದಿಟ್ಟ 325 ವೋಲ್ಟು ಪ್ಲಗ್ಗಿನೊಂದಿಗೆ ಹೊರಟುಹೋಗುವುದಿಲ್ಲ. ವಿಚಿತ್ರವೆಂದರೆ, ಸರಿಯಾಗಿ ಓಡುತ್ತಿರುವ ಬೋರ್ಡು ಅದನ್ನು ಬೇಗ ತಾನೇ ಬಳಸಿ ಬರಿದು ಮಾಡುತ್ತದೆ. ಸತ್ತ ಬೋರ್ಡಿಗೆ ಅದನ್ನು ಬಳಸುವ ದಾರಿಯಿಲ್ಲವಾದ್ದರಿಂದ ಬಹಳ ಹೊತ್ತು ಹಾಗೇ ಇಟ್ಟುಕೊಂಡಿರುತ್ತದೆ. ಡೆಡ್ ಸೆಟ್ಟೇ ಹೆಚ್ಚು ಅಪಾಯ. ಸ್ಕ್ರೂಡ್ರೈವರಿನಿಂದ ಎರಡು ಕಾಲು ಕೂಡಿಸಿ ಫಟ್ಟೆನಿಸುವ ಚಾಳಿ ಕೆಲವರಿಗಿದೆ. ಕಿಡಿ ಹಾರುತ್ತದೆ, ಬೋರ್ಡಿನ ಪಟ್ಟಿ ಸುಡುತ್ತದೆ, ನೋಡುತ್ತಿದ್ದ ಮಕ್ಕಳಿಗೆ ಖುಷಿಯಾಗುತ್ತದೆ. ಹೋಲ್ಡರಿಗೆ ಎರಡು ವೈರು ಕಟ್ಟಿದ ಹಳೆಯ 60 ವ್ಯಾಟಿನ ಬಲ್ಬನ್ನು ಆ ಕಾಲುಗಳಿಗೆ ತಾಗಿಸಿದರೆ ಅದು ಮಿಣಕ್ಕೆಂದು ಆರುತ್ತದೆ, ಚಾರ್ಜು ಇಳಿಯುತ್ತದೆ. ಇಳಿದಿದೆಯೇ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಕೈ.

ಬೋರ್ಡನ್ನು ಇಬ್ಭಾಗ ಮಾಡುವ ಗೆರೆಯೊಂದು ಎಲ್ಲ ಪವರ್ ಬೋರ್ಡುಗಳ ಮೇಲೂ ಇದೆ. ಕೆಲವದರಲ್ಲಿ ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ, ಕೆಲವದರಲ್ಲಿ ಬೋರ್ಡನ್ನೇ ಅಲ್ಲಲ್ಲಿ ಸೀಳಿರುತ್ತಾರೆ. ಗೆರೆಯ ಈಚೆ ‘ಹಾಟ್’, ನೇರ ಕಂಬದ ಕರೆಂಟು, ಆಚೆ ‘ಕೋಲ್ಡ್’. ಟ್ರಾನ್ಸ್‌ಫಾರ್ಮರು ಈ ಗೆರೆಯ ಮೇಲೆ ಕೂತಿರುತ್ತದೆ, ಅದರ ಪಕ್ಕದಲ್ಲಿ ನಾಲ್ಕು ಕಾಲಿನ ಪುಟ್ಟ ಆಪ್ಟೋಕಪ್ಲರು. ಆಚೆ ವೋಲ್ಟೇಜು ಏರಿತೋ ಇಳಿಯಿತೋ ಎಂಬ ಸುದ್ದಿಯನ್ನು ಈಚೆಗೆ ತಲುಪಿಸುವುದು ಈ ಆಪ್ಟೋಕಪ್ಲರು, ಅದೂ ಬೆಳಕಿನ ಮೂಲಕ. ಒಳಗೊಂದು ಸಾಸಿವೆಗಿಂತ ಚಿಕ್ಕ ಎಲ್‌ಇಡಿ ಮಿನುಗುತ್ತದೆ, ಎದುರಿನ ಟ್ರಾನ್ಸಿಸ್ಟರು ನೋಡುತ್ತದೆ; ಇಬ್ಬರ ನಡುವೆ ತಂತಿಯ ಸಂಬಂಧವೇ ಇಲ್ಲ. ಪೆನ್‌ಡ್ರೈವ್ ಚುಚ್ಚಲು ಟಿವಿಯ ಹಿಂದೆ ಕೈ ಆಡಿಸಿದವರಿಗೆ ಶಾಕು ಹೊಡೆಯದಿರುವುದು ಈ ಗೆರೆಯ ಪುಣ್ಯದಿಂದ. ಅಳೆಯುವಾಗಲೂ ಇದನ್ನು ಮರೆಯುವಂತಿಲ್ಲ: ಹಾಟ್ ಬದಿಯಲ್ಲಿ ಮೀಟರಿನ ಕಪ್ಪು ಕಡ್ಡಿ ದೊಡ್ಡ ಕೆಪಾಸಿಟರಿನ ಮೈನಸ್ ಕಾಲಿಗೆ, ಕೋಲ್ಡ್ ಬದಿಯಲ್ಲಿ ಸೆಟ್ಟಿನ ತಗಡಿಗೆ. ಅದಲುಬದಲಾದರೆ ಮೀಟರು ಅರ್ಥವಿಲ್ಲದ ಅಂಕಿಗಳನ್ನು ತೋರಿಸುತ್ತದೆ, ಅದನ್ನು ನಂಬಿ ಒಳ್ಳೆಯ ಬಿಡಿಭಾಗಗಳನ್ನು ಕಿತ್ತು ಕಿತ್ತು ಎಸೆದವರಿದ್ದಾರೆ.

ಮುಚ್ಚಳ ತೆಗೆದ ಮೊದಲ ಐದು ನಿಮಿಷ ಮೀಟರಿಗೆ ಕೆಲಸವಿಲ್ಲ, ಕಣ್ಣಿಗೂ ಮೂಗಿಗೂ ಮಾತ್ರ. ಧೂಳು, ಜೇಡರ ಬಲೆ, ಇವೆಲ್ಲ ಎಲ್ಲ ಮನೆಯಲ್ಲೂ ಇದ್ದದ್ದೇ. ಹಲ್ಲಿಗಳಿಗೆ ಟಿವಿಯ ಬೆನ್ನು ಬಲು ಪ್ರೀತಿ. ಸ್ಟ್ಯಾಂಡ್‌ಬೈಯಲ್ಲಿರುವ ಬೋರ್ಡಿನ ಬಿಸುಪಿಗೆ ಒಳಸೇರಿ, 325 ವೋಲ್ಟಿನ ಎರಡು ಕಾಲುಗಳ ಮೇಲೆ ಒಂದೇ ಸಲ ಪಾದ ಊರಿದ ಹಲ್ಲಿಯ ಕೊನೆಯ ಭಂಗಿ ಬಹಳ ಮನೆಗಳ ಬೋರ್ಡಿನ ಮೇಲೆ ಸಿಕ್ಕಿದೆ. ಅಂಥ ಕಡೆ ಫ್ಯೂಸೂ ಹೋಗಿರುತ್ತದೆ, ಕೆಲವೊಮ್ಮೆ ಮಾಸ್‌ಫೆಟ್ಟೂ. ಇನ್ನೊಂದು ನೋಡಬೇಕಾದ್ದು ದೊಡ್ಡ ಬಿಡಿಭಾಗಗಳು ಅಲುಗದಂತೆ ಬುಡಕ್ಕೆ ಮೆತ್ತಿದ ಹಳದಿ ಗೋಂದು. ಕೆಲವು ಬಗೆಯ ಗೋಂದು ವರ್ಷಗಳ ಬಿಸಿಗೆ ಕಂದಾಗಿ, ತೇವ ಹೀರಿ, ತಾನೇ ಕರೆಂಟು ಸಾಗಿಸತೊಡಗುತ್ತದೆ. ಅದನ್ನು ಕೆರೆದು ತೆಗೆದರೆ ಸಾಕು, ಬೇರೇನೂ ಮಾಡದೆ ಎದ್ದು ಕೂತ ಸೆಟ್ಟುಗಳಿವೆ.

ಕಣ್ಣಿಗೆ ಬೀಳುವ ದೋಷಗಳಲ್ಲಿ ಮುಖ್ಯವಾದದ್ದು ಉಬ್ಬಿದ ಕೆಪಾಸಿಟರು. ಇವುಗಳ ತಲೆಯ ತಗಡಿನ ಮೇಲೆ ಅಡ್ಡ-ಉದ್ದ ಗೀರು ಕೊರೆದಿರುತ್ತಾರೆ. ಒಳಗಿನ ದ್ರವ ಕಾದು ಅನಿಲವಾದರೆ ಸಿಡಿಯದೆ ಅಲ್ಲಿ ಬಿರಿಯಲಿ ಎಂದು. ಒಳ್ಳೆಯ ಕೆಪಾಸಿಟರಿನ ತಲೆ ಚಪ್ಪಟೆ; ಕೆಟ್ಟದ್ದರ ತಲೆಗೆ ಬೆರಳು ಸವರಿದರೆ ಉಬ್ಬು ಸಿಗುತ್ತದೆ, ಕೆಲವದರಲ್ಲಿ ಕಂದು ಕಲೆ. 2000ದ ದಶಕದ ಮೊದಲ ವರ್ಷಗಳಲ್ಲಿ ಒಳಗಿನ ದ್ರವದ ಪಾಕವೇ ಕೆಟ್ಟ ಕೆಪಾಸಿಟರುಗಳು ಜಗತ್ತಿನ ತುಂಬ ಹಬ್ಬಿ, ಕಂಪ್ಯೂಟರು, ಮಾನಿಟರುಗಳು ಸಾಲುಸಾಲಾಗಿ ಮಲಗಿದ್ದವು. ಪಾಕ ಸರಿಯಿದ್ದರೂ ಬಿಸಿ ಇವಕ್ಕೆ ಶತ್ರು. ಮೈಮೇಲೆ 105 ಡಿಗ್ರಿ, 2000 ಗಂಟೆ ಎಂಬ ಲೆಕ್ಕದ ಕೆಪಾಸಿಟರು ಹತ್ತು ಡಿಗ್ರಿ ಕಡಿಮೆ ಬಿಸಿಯಲ್ಲಿ ಸುಮಾರು ಎರಡರಷ್ಟು ಕಾಲ ಬಾಳುತ್ತದೆ; 65 ಡಿಗ್ರಿಯಲ್ಲಿ ಇಟ್ಟರೆ 32,000 ಗಂಟೆ. ಗಾಳಿಯಾಡದಂತೆ ಪ್ಲೈವುಡ್ಡಿನ ಗೂಡು ಮಾಡಿಸಿ ಅದರೊಳಗೆ ಟಿವಿ ಕೂರಿಸುವ ಇಂಟೀರಿಯರ್ ಶೋಕಿಯವರು ಈ ಲೆಕ್ಕವನ್ನು ತಿಳಿದುಕೊಂಡರೆ ಒಳ್ಳೆಯದು, ಆದರೆ ಗೂಡು ನೋಡಲು ಚೆನ್ನಾಗಿರುತ್ತದೆ.

ಉಬ್ಬದೆಯೇ ಕೆಟ್ಟಿರುವ ಕೆಪಾಸಿಟರುಗಳೂ ಇವೆ, ಮತ್ತು ಮನೆಯವರನ್ನು ಹೆಚ್ಚು ಕಾಡುವುದು ಅವೇ. ಒಳಗಿನ ದ್ರವ ನಿಧಾನವಾಗಿ ಆರುತ್ತಾ ಬರುತ್ತದೆ. ಚಳಿಗಾಲದ ಬೆಳಿಗ್ಗೆ ಸ್ವಿಚ್ಚು ಹಾಕಿದರೆ ದೀಪ ಮಿಟುಕುತ್ತದೆ, ಟಿವಿ ಏಳುವುದಿಲ್ಲ. ಕಾಫಿ ಕುಡಿದು ಬರುವಷ್ಟರಲ್ಲಿ ಎದ್ದಿರುತ್ತದೆ. ಆಮೇಲೆ ದಿನವೆಲ್ಲ ಸಲೀಸು. “ಅದಕ್ಕೆ ಸ್ವಲ್ಪ ಬಿಸಿ ಹತ್ತಬೇಕು ಕಣೋ” ಎನ್ನುವ ಅಜ್ಜ ಭೌತಶಾಸ್ತ್ರ ಓದದೆಯೇ ಸರಿಯಾದ ನಿದಾನ ಹೇಳಿರುತ್ತಾರೆ. ಆರಿದ ಕೆಪಾಸಿಟರಿನ ಒಳತಡೆ ತಂಪಿನಲ್ಲಿ ಹೆಚ್ಚು, ಬಿಸಿಯಾದರೆ ಕಡಿಮೆ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಒಂದು ನಿಮಿಷ ಹಿಡಿದಾಗ ಸೆಟ್ಟು ಎದ್ದರೆ ಅನುಮಾನ ಉಳಿಯುವುದಿಲ್ಲ.

ಇದೇ ಜಾತಿಯ ಇನ್ನೊಂದು ದೋಷ ಲೋಡ್‌ಶೆಡ್ಡಿಂಗ್ ನಾಡಿಗೇ ಹೇಳಿಮಾಡಿಸಿದ್ದು. ಮಾಸ್‌ಫೆಟ್ಟನ್ನು ಕುಣಿಸುವ ಐಸಿಗೆ ತನ್ನದೇ ಒಂದು ಪುಟ್ಟ ಕೆಪಾಸಿಟರಿದೆ, 22 ಅಥವಾ 47 ಮೈಕ್ರೋಫ್ಯಾರಡಿನದು. ಮೊದಲ ಸಲ ಏಳುವುದಕ್ಕೆ ಬೇಕಾದ ಶಕ್ತಿಯನ್ನು ಐಸಿ ಅದರಿಂದ ಪಡೆಯುತ್ತದೆ. ಒಮ್ಮೆ ಎದ್ದ ಮೇಲೆ ಟ್ರಾನ್ಸ್‌ಫಾರ್ಮರಿನಿಂದಲೇ ಅದಕ್ಕೆ ಪೂರೈಕೆ. ಆ ಪುಟ್ಟ ಕೆಪಾಸಿಟರು ಆರಿಹೋದರೂ ಟಿವಿ ತಿಂಗಳುಗಟ್ಟಲೆ ಸರಿಯಾಗಿಯೇ ಓಡುತ್ತದೆ, ಏಕೆಂದರೆ ರಿಮೋಟಿನಲ್ಲಿ ಆರಿಸಿದರೂ ಸ್ಟ್ಯಾಂಡ್‌ಬೈ ಜೀವಂತವಾಗಿರುತ್ತದೆ. ಒಂದು ದಿನ ಕರೆಂಟು ಹೋಗುತ್ತದೆ, ಅರ್ಧ ಗಂಟೆಗೆ ಬರುತ್ತದೆ, ಫ್ಯಾನು ತಿರುಗುತ್ತದೆ, ಫ್ರಿಜ್ಜು ನಡುಗುತ್ತದೆ, ಟಿವಿ ಮಾತ್ರ ಬರುವುದಿಲ್ಲ. ಹೈ ವೋಲ್ಟೇಜ್ ಬಂದು ಟಿವಿ ಸುಟ್ಟಿತು ಎಂದು ಮನೆಯವರು ವಿದ್ಯುತ್ ಕಚೇರಿಗೆ ಶಾಪ ಹಾಕುತ್ತಾರೆ. ಸುಟ್ಟದ್ದು ಏನೂ ಇರುವುದಿಲ್ಲ. ಈ ಸಲವಾದರೂ ಆ ಕಚೇರಿಯವರು ನಿರಪರಾಧಿಗಳು. ದೊಡ್ಡ ಕೆಪಾಸಿಟರಿನಲ್ಲಿ 325 ಇದ್ದೂ 5 ವೋಲ್ಟು ಬರುತ್ತಿಲ್ಲವೆಂದಾಗ ಮೊದಲು ಬದಲಿಸಿ ನೋಡಬೇಕಾದ್ದು ಇದನ್ನೇ, ಆಮೇಲೆ ಐಸಿಗೆ ಶಕ್ತಿ ತೊಟ್ಟಿಕ್ಕಿಸುವ ದೊಡ್ಡ ಓಮಿನ ರೆಸಿಸ್ಟರುಗಳನ್ನು ಅಳೆಯಬೇಕು. ಅವು ನೋಡಲು ನೆಟ್ಟಗಿದ್ದೇ ಒಳಗೆ ಕಡಿದುಹೋಗಿರುತ್ತವೆ.

ಫ್ಯೂಸು ಹೋಗಿದ್ದರೆ ವಿಚಾರಣೆ ಬೇರೆ ದಾರಿ ಹಿಡಿಯುತ್ತದೆ. ಗಾಜಿನ ಫ್ಯೂಸಿನಲ್ಲಿ ತಂತಿ ನಡುವೆ ಕಡಿದು ಗಾಜು ತಿಳಿಯಾಗಿದ್ದರೆ ಸಣ್ಣ ಪೆಟ್ಟು. ಒಳಗೆಲ್ಲ ಕಪ್ಪು ಕನ್ನಡಿ ಬಳಿದಂತಾಗಿದ್ದರೆ ನೇರ ಶಾರ್ಟು. ಅಲ್ಲಿ ಹೊಸ ಫ್ಯೂಸು ಹಾಕಿದರೆ ಅದೂ ಕಪ್ಪಾಗುತ್ತದೆ, ಅಷ್ಟೆ. ಫ್ಯೂಸಿಗೆ ತಂತಿ ಸುತ್ತಿ ‘ಸ್ಟ್ರಾಂಗ್’ ಮಾಡುವವರ ಮನೆಯಲ್ಲಿ ಮುಂದಿನ ಸಲ ಫ್ಯೂಸಿನ ಬದಲು ಬೋರ್ಡು ಹೋಗುತ್ತದೆ. ಕಂಟಿನ್ಯುಯಿಟಿಗೆ ಇಟ್ಟ ಮೀಟರನ್ನು ಬ್ರಿಜ್ಜಿಗೆ, ಮಾಸ್‌ಫೆಟ್ಟಿನ ಕಾಲುಗಳಿಗೆ, ಫ್ಯೂಸಿನ ಪಕ್ಕದ ನೀಲಿ ಬಿಲ್ಲೆಗೆ ಒಂದೊಂದಾಗಿ ಹಿಡಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ಅದು ಬೀಪ್ ಎನ್ನುತ್ತದೆ.

ಆ ನೀಲಿ ಬಿಲ್ಲೆಯೇ ಎಂಒವಿ. ಅದರ ಮೈಮೇಲೆ 471 ಎಂದಿದ್ದರೆ 47ರ ಮುಂದೆ ಒಂದು ಸೊನ್ನೆ, 470 ವೋಲ್ಟು ಎಂದು ಓದಬೇಕು. ಅಷ್ಟರವರೆಗೆ ಸುಮ್ಮನಿದ್ದು, ಮೀರಿದರೆ ತನ್ನ ಮೈಮೇಲೇ ಕರೆಂಟು ಹರಿಸಿಕೊಂಡು ಫ್ಯೂಸನ್ನು ಹಾರಿಸುತ್ತದೆ. ಮಿಂಚಿನ ಒಂದು ಕ್ಷಣದ ಏಟನ್ನಾದರೆ ತಾಳಿಯೂ ತಾಳುತ್ತದೆ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮಾತ್ರ ಉಳಿಯುವುದಿಲ್ಲ. ಮೂರು ಫೇಸಿನ ಲೈನಿನಲ್ಲಿ ಬೇರೆ ಬೇರೆ ಫೇಸಿನ ಮನೆಗಳು ಆಗ ಒಂದರ ಹಿಂದೊಂದು ಸರಪಳಿಯಾಗಿ, ಕಡಿಮೆ ಹೊರೆಯ ಮನೆಯಲ್ಲಿ ವೋಲ್ಟೇಜು 400ರ ಹತ್ತಿರಕ್ಕೂ ಏರಬಹುದು. ಬಲ್ಬುಗಳು ಕಣ್ಣು ಕುಕ್ಕುವಂತೆ ಬೆಳಗುತ್ತವೆ, ಪಕ್ಕದ ಬೀದಿಯಲ್ಲಿ ಅದೇ ಹೊತ್ತಿಗೆ ಮಂಕಾಗಿರುತ್ತವೆ. 400ರ ಎ.ಸಿ. ತುದಿ 565 ವೋಲ್ಟು. ನೀಲಿ ಬಿಲ್ಲೆ ಕರಕಲಾಗಿ ಸೀಳುತ್ತದೆ, ಫ್ಯೂಸು ಹಾರುತ್ತದೆ, ಅದರ ಹಿಂದಿನದೆಲ್ಲ ಬಹಳ ಸಲ ಉಳಿಯುತ್ತದೆ. ಬಿಲ್ಲೆಯನ್ನು ಕತ್ತರಿಸಿ, ಫ್ಯೂಸು ಬದಲಿಸಿದರೆ ಟಿವಿ ಬರುತ್ತದೆ. ಆತುರದ ಮೆಕ್ಯಾನಿಕ್ ಅಲ್ಲಿಗೆ ನಿಲ್ಲಿಸಿ ದುಡ್ಡು ಎಣಿಸುತ್ತಾರೆ. ಕೆಲವೇ ರೂಪಾಯಿಯ ಹೊಸ ಬಿಲ್ಲೆ ಕೂರಿಸದಿದ್ದರೆ ಮುಂದಿನ ನ್ಯೂಟ್ರಲ್ ಕಟ್ಟಿಗೆ ಇಡೀ ಬೋರ್ಡು ಬಲಿ.

ಮಲೆನಾಡಿನಲ್ಲೂ ಕರಾವಳಿಯಲ್ಲೂ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಜನ ಟಿವಿಯ ಪ್ಲಗ್ಗು ಕಿತ್ತಿಡುತ್ತಾರೆ. ಕಪ್ಪು ಮೋಡ ಕಂಡ ಕೂಡಲೇ ಅಂಗಳದಲ್ಲಿ ಹರವಿದ ಅಡಿಕೆ ಒಳಗೆ ತರಲು ಒಬ್ಬರು, ಪ್ಲಗ್ಗು ಕೀಳಲು ಒಬ್ಬರು. ಡಿಶ್ಶಿನ ಕೇಬಲ್ಲನ್ನು ಮಾತ್ರ ಬಿಟ್ಟುಬಿಡುವುದುಂಟು. ಸಿಡಿಲಿನ ಸೆಳಕು ಮಾಡಿನ ಮೇಲಿನ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ವೈರಿನಲ್ಲಿ ಮೇನ್ ಬೋರ್ಡಿಗೆ ಇಳಿದರೆ ಪವರ್ ಬೋರ್ಡು ನೆಟ್ಟಗಿದ್ದೂ ಪ್ರಯೋಜನವಿಲ್ಲ. ಎರಡನ್ನೂ ಕೀಳಬೇಕು.

ಶಾರ್ಟಾದ ಭಾಗ ಬದಲಿಸಿದ ಬೋರ್ಡಿಗೆ ನೇರ ಕರೆಂಟು ಕೊಡುವ ಧೈರ್ಯ ಹಳಬರಿಗೂ ಇರುವುದಿಲ್ಲ. ಅದಕ್ಕೆ ಸೀರೀಸ್ ಬಲ್ಬು. ಫೇಸಿನ ದಾರಿಯಲ್ಲಿ ಒಂದು 100 ವ್ಯಾಟಿನ ಬಲ್ಬು ಸೇರಿಸಿ ಅದರ ಮೂಲಕ ಬೋರ್ಡಿಗೆ ಕೊಡುವುದು. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ದೊಡ್ಡ ಕೆಪಾಸಿಟರು ತುಂಬಿತು, ಎಲ್ಲ ಸರಿ. ಬೆಳಗಿದ್ದು ಬೆಳಗಿಯೇ ಉಳಿದರೆ ಶಾರ್ಟು ಇನ್ನೂ ಇದೆ, ಆದರೆ ಹೊಸದಾಗಿ ಏನೂ ಸುಡುವುದಿಲ್ಲ. ರಿಪೇರಿ ಅಂಗಡಿಯ ಗೋಡೆಯಲ್ಲಿ ಹಗಲೂ ಹೊತ್ತು ಒಂದು ಬಲ್ಬು ಮಿಣಮಿಣಿಸುತ್ತಿದ್ದರೆ ಅದು ಇದೇ. ತಂತಿಯ ಬಲ್ಬೇ ಬೇಕು, ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು. ಹಾಗಾಗಿ ಉಳಿದವರೆಲ್ಲ ಎಸೆದ ಹಳೆಯ ಬಲ್ಬುಗಳನ್ನು ಮೆಕ್ಯಾನಿಕ್ಕುಗಳು ಹಳೆ ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡು ಬಂದಿದ್ದಾರೆ.

ಬಲ್ಬು ಮಂಕಾದ ಮೇಲೆ ಅಳತೆ. ದೊಡ್ಡ ಕೆಪಾಸಿಟರಿನಲ್ಲಿ 325ರ ಆಸುಪಾಸು, ಬಲ್ಬಿನ ದೆಸೆಯಿಂದ ತುಸು ಕಡಿಮೆ. ದೊಡ್ಡ ಪರದೆಯ ಸೆಟ್ಟುಗಳಲ್ಲಿ ಟಿವಿ ಹೊತ್ತಿಕೊಂಡಾಗ ಇದು 380-400ಕ್ಕೆ ಏರಿದರೆ ಗಾಬರಿ ಬೇಡ. ಪವರ್ ಫ್ಯಾಕ್ಟರ್ ತಿದ್ದುವ ಭಾಗ ಬೇಕೆಂದೇ ಏರಿಸುತ್ತದೆ. ಆಮೇಲೆ ಕೋಲ್ಡ್ ಬದಿಯಲ್ಲಿ 5 ವೋಲ್ಟು, ರಿಮೋಟು ಒತ್ತಿದ ಮೇಲೆ 12. ಮೇನ್ ಬೋರ್ಡಿಗೆ ಹೋಗುವ ವೈರಿನ ಪಕ್ಕದಲ್ಲಿ ಬೋರ್ಡಿನ ಮೇಲೆಯೇ ಈ ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ತಯಾರಕರು ಕೊಟ್ಟ ಇಷ್ಟು ಸುಳಿವನ್ನೂ ಓದದೆ ಊಹೆಗೆ ಇಳಿಯುವವರು ಕಡಿಮೆಯಿಲ್ಲ. 12 ಇರಬೇಕಾದಲ್ಲಿ 9-10 ಇದ್ದು ಅಲುಗುತ್ತಿದ್ದರೆ ಆ ಬದಿಯ ಕೆಪಾಸಿಟರುಗಳನ್ನು ಒಟ್ಟಿಗೇ ಬದಲಿಸುವುದು ಲೇಸು. 1000 ಮೈಕ್ರೋಫ್ಯಾರಡ್ 16 ವೋಲ್ಟಿನ ಜಾಗಕ್ಕೆ ಅದೇ 1000ದ 25 ವೋಲ್ಟಿನದು ನಡೆಯುತ್ತದೆ, 10 ವೋಲ್ಟಿನದು ನಡೆಯದು; 105 ಡಿಗ್ರಿಯದೇ ಆಗಿರಬೇಕು. ಮೈಮೇಲಿನ ಬಿಳಿ ಪಟ್ಟಿ ಮೈನಸ್. ತಿರುಗುಮುರುಗಾದರೆ ಕೆಪಾಸಿಟರು ತನ್ನ ಅಭಿಪ್ರಾಯವನ್ನು ಸದ್ದು ಮಾಡಿಯೇ ತಿಳಿಸುತ್ತದೆ.

ಬೆಂಗಳೂರಿನಲ್ಲಿ ಇವೆಲ್ಲ ಸಿಗುವ ಜಾಗ ಎಸ್‌.ಪಿ. ರಸ್ತೆ, ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಹತ್ತು ರೂಪಾಯಿಯ ಕೆಪಾಸಿಟರಿಗಾಗಿ ಹೋದವರು ಬೆಸುಗೆ ಕಡ್ಡಿ, ಹೊಸ ಮೀಟರು, ಯಾವುದಕ್ಕೆಂದು ತಮಗೇ ತಿಳಿಯದ ಮೋಟರು ಹಿಡಿದುಕೊಂಡು ಬರುವುದು ಆ ರಸ್ತೆಯ ಮಹಿಮೆ. ಕೌಂಟರಿನಲ್ಲಿ ಹಳೆಯದನ್ನು ತೋರಿಸಿದರೆ ಸಾಕು, ಅಂಗಡಿಯ ಹುಡುಗ ಅದನ್ನು ಬೆರಳಲ್ಲಿ ಒಮ್ಮೆ ತಿರುಗಿಸಿ, “ಯಾವ ಸೆಟ್ ಸಾರ್, ಬ್ಯಾಕ್‌ಲೈಟ್ ಬರ್ತಿದೆಯಾ?” ಎಂದು ಕೇಳಿ, ಅರ್ಧ ಪಾಠ ಅಲ್ಲೇ ಮುಗಿಸಿಬಿಡುತ್ತಾನೆ.

ಅವನು ಕೇಳುವ ಪ್ರಶ್ನೆಗೆ ಕಾರಣವಿದೆ. ಸದ್ದಿದ್ದು ಚಿತ್ರವಿಲ್ಲದ ಸೆಟ್ಟಿಗೆ ಪವರ್ ಬೋರ್ಡು ಹೋಗಿದೆ ಎಂದು ತೀರ್ಪು ಕೊಡುವುದು ಬಹಳ ಸುಲಭ, ತಪ್ಪಾಗುವುದೂ ಅಷ್ಟೇ ಸುಲಭ. ಕತ್ತಲೆಯ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿದು ನೋಡಬೇಕು. ಮಸುಕಾಗಿ ಯಾರೋ ಓಡಾಡುವುದು ಕಂಡರೆ ಚಿತ್ರವಿದೆ, ಹಿಂದಿನ ದೀಪವಿಲ್ಲ. ಆ ದೀಪಗಳು ಪಟ್ಟಿಗಳಲ್ಲಿ ಸರಣಿಯಾಗಿ ಜೋಡಿಸಿದ ಎಲ್‌ಇಡಿಗಳು. ಒಂದು ಕಡಿದರೆ ಸಾಲಿಗೆ ಸಾಲೇ ಆರುತ್ತದೆ. ಪವರ್ ಬೋರ್ಡಿನ ಡ್ರೈವರು ಅವಕ್ಕೆ ಎಷ್ಟು ತಳ್ಳಿದರೂ ಹರಿಯದೆ, ವೋಲ್ಟೇಜು ಮೇಲೇರಿ, ಎರಡು ಸೆಕೆಂಡಿನಲ್ಲಿ ತಾನೇ ಕೈಚೆಲ್ಲುತ್ತದೆ. ಪಟ್ಟಿ ಬದಲಿಸಲು ಪ್ಯಾನೆಲ್ಲಿನ ಹಾಳೆಗಳನ್ನೆಲ್ಲ ಎತ್ತಬೇಕು. ಮಂಚದ ಮೇಲಿನ ಕಂಬಳಿ ಅದಕ್ಕೆ ಸಾಲದು, ಅನುಭವಿಗಳಿಗೆ ಒಪ್ಪಿಸುವುದೇ ಜಾಣತನ.

ಕಪ್ಪಗೆ ಸುಟ್ಟು ತಾಮ್ರದ ಪಟ್ಟಿಯೇ ಎದ್ದುಹೋದ ಬೋರ್ಡು, ಐಸಿಯ ಮೇಲೆ ತೂತು ಬಿದ್ದ ಬೋರ್ಡು ಕೂಡ ಮನೆಯ ಕೆಲಸವಲ್ಲ. ಅದೇ ನಂಬರಿನ ಹಳೆಯ ಬೋರ್ಡು ಹುಡುಕಿ ಹಾಕುವುದು ಅಗ್ಗ. ಟಿವಿಯ ಮಾಡೆಲ್ ನಂಬರಿಗಿಂತ ಬೋರ್ಡಿನ ಮೇಲೆ ಅಚ್ಚಾದ ನಂಬರನ್ನು ನೋಡಿಕೊಳ್ಳಬೇಕು, ಏಕೆಂದರೆ ಒಂದೇ ಮಾಡೆಲ್ಲಿನಲ್ಲಿ ಬೇರೆ ಬೇರೆ ಬೋರ್ಡುಗಳು ಬಂದಿರುತ್ತವೆ.

ಎದ್ದ ಟಿವಿಯನ್ನು ಕೂಡಲೇ ಗೋಡೆಗೇರಿಸುವ ಆಸೆ ಮನೆಯವರೆಲ್ಲರದು, ಅತ್ತೆಯವರದು ವಿಶೇಷವಾಗಿ. ಒಂದೆರಡು ಗಂಟೆ ಮುಚ್ಚಳವಿಲ್ಲದೆ, ಯಾರೂ ಮುಟ್ಟದ ಕಡೆ ನಿಲ್ಲಿಸಿ ಓಡಿಸಿ 12 ವೋಲ್ಟು ಬಿಸಿಯಲ್ಲೂ ನಿಂತಿದೆಯೇ ನೋಡಬೇಕು. ಆಮೇಲೆ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಐಸಿಯ ಪುಟ್ಟ ಕೆಪಾಸಿಟರಿನ ಕಳ್ಳತನ ಬಯಲಾಗುವುದು ಆಗ ಮಾತ್ರ. ಮುಚ್ಚಳ ಹಾಕುವಾಗ ಉದ್ದ ಸ್ಕ್ರೂಗಳು ಉದ್ದದವುಗಳ ತೂತಿಗೇ ಹೋಗಬೇಕು. ಗಿಡ್ಡ ಸ್ಕ್ರೂವಿನ ಜಾಗದಲ್ಲಿ ಉದ್ದದ್ದನ್ನು ತಿರುಪಿದರೆ ಅದರ ತುದಿ ನೇರ ಪ್ಯಾನೆಲ್ಲಿನ ಬೆನ್ನಿಗೆ ತಾಗುತ್ತದೆ.